ಬಂದೂಕಿನ ವಿಷಯದಲ್ಲಿ ಅಭ್ಯರ್ಥಿಗಳನ್ನು ಅಳೆಯುವುದು ಹೇಗೆ?

ಅಮೆರಿಕದ ನ್ಯೂಜೆರ್ಸಿಯಲ್ಲಿ ನನ್ನ ಮಗಳ ಶಾಲೆಯಲ್ಲಿ ಲಾಕ್‌ಡೌನ್ ಡ್ರಿಲ್, ಅಂದರೆ ಬಂದೂಕುಧಾರಿ ಒಳಗೆ ನುಗ್ಗಿದರೆ ಅಡಗಿ ಕೂರುವ ಅಭ್ಯಾಸ, ಮಾಡಿಸುತ್ತಾರೆ. ಬಾಗಿಲು ಹಾಕಿ, ದೀಪ ಆರಿಸಿ, ಮಕ್ಕಳು ಗೋಡೆಗೆ ಒತ್ತಿಕೊಂಡು ಕೂರಬೇಕು. "ಅಮ್ಮಾ, ಶೂ ಸದ್ದೂ ಮಾಡಬಾರದಂತೆ" ಎಂದು ಅವಳು ಹೇಳಿದ ದಿನದಿಂದ ಅಧ್ಯಕ್ಷ ಚುನಾವಣೆಯನ್ನು ನಾನು ಬೇರೆ ಥರ ನೋಡುತ್ತೇನೆ. ಇಲ್ಲಿ ಹೊಸದಾಗಿ ಮತ ಹಾಕುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಭಾಷಣ ಬಿಡಿ, ಹಳೆಯ ಮತ ನೋಡಿ. ಸೆನೆಟ್ (ಇಲ್ಲಿನ ಸಂಸತ್ತಿನ ಮೇಲ್ಮನೆ) ವೆಬ್‌ಸೈಟಿನಲ್ಲಿ ಯಾರು ಯಾವ ಮಸೂದೆಗೆ ಹೇಗೆ ಮತ ಹಾಕಿದರು ಎಂಬುದು ಹೆಸರು ಸಮೇತ ಇರುತ್ತದೆ. 2016ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ, ಅಂದರೆ ಪಕ್ಷ ತನ್ನ ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಬರ್ನಿ ಸ್ಯಾಂಡರ್ಸ್, ಹಿಲರಿ ಕ್ಲಿಂಟನ್ ಇಬ್ಬರೂ ಬಂದೂಕು ನಿಯಂತ್ರಣ ಬೇಕು ಅನ್ನುತ್ತಿದ್ದರು. ಆದರೆ ಬಂದೂಕು ಕಂಪನಿಗಳನ್ನು ಮೊಕದ್ದಮೆಗಳಿಂದ ಕಾಪಾಡುವ 2005ರ ಕಾನೂನಿಗೆ ಸ್ಯಾಂಡರ್ಸ್ ಪರವಾಗಿ, ಹಿಲರಿ ವಿರುದ್ಧವಾಗಿ ಮತ ಹಾಕಿದ್ದರು. ಮಾತು ಒಂದೇ, ಮತ ಬೇರೆ, ಅಲ್ವಾ?

ಆಮೇಲೆ "ಹೇಗೆ ಮಾಡುತ್ತಾರೆ?" ಅಂತ ಹುಡುಕಿ. ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿನ ದಾಳಿಗೆ 20 ಪುಟ್ಟ ಮಕ್ಕಳು ಸತ್ತ ಮೇಲೂ, 2013ರಲ್ಲಿ ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆ ಹೆಚ್ಚಿಸುವ ಪ್ರಸ್ತಾವಕ್ಕೆ ಸೆನೆಟ್‌ನಲ್ಲಿ ಸಿಕ್ಕಿದ್ದು 54 ಮತ. ಬೇಕಿದ್ದದ್ದು 60. ಆದ್ದರಿಂದ ಸೆನೆಟ್ ಅಭ್ಯರ್ಥಿಯನ್ನೂ ಅಷ್ಟೇ ಗಮನವಿಟ್ಟು ನೋಡಿ. ಸರ್ಕಾರ ತಾನೇ ತಂದ ನಿಯಮ ಉಳಿಯುತ್ತದೆ ಅಂತಲೂ ಇಲ್ಲ. ಟ್ರಂಪ್ ಆಡಳಿತ ಬಂಪ್ ಸ್ಟಾಕ್ (ಬಂದೂಕು ಬಹಳ ವೇಗವಾಗಿ ಗುಂಡು ಹಾರಿಸುವಂತೆ ಮಾಡುವ ಬಿಡಿಭಾಗ) ಮೇಲೆ ಹಾಕಿದ್ದ ನಿಷೇಧವನ್ನು 2024ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು.

ನಿಷೇಧ ಎಂದರೆ ಎಷ್ಟು ವರ್ಷಕ್ಕೆ ಅಂತ ನೋಡಿ. 1994ರ ಅಸಾಲ್ಟ್ ವೆಪನ್ (ಸೇನಾ ಶೈಲಿಯ ಬಂದೂಕು) ನಿಷೇಧ 10 ವರ್ಷಕ್ಕಷ್ಟೇ ಇತ್ತು, 2004ರಲ್ಲಿ ಮುಗಿದುಹೋಯಿತು.

ನಾನು ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುತ್ತೇನೆ. ಅಂಚೆಯಲ್ಲಿ ಮತಪತ್ರ ಬಂದಾಗ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತೇನೆ.