ಕಾಬೊ ದೆಲ್ಗಾದೊಗೆ ಕೆಲಸಕ್ಕೆ ಹೊರಟಿದ್ದೀರಾ? ಅಲ್ಲಿ ಯಾರ ಸೇನೆ ಎಲ್ಲಿದೆ ಎಂದು ಮೊದಲು ತಿಳಿದುಕೊಳ್ಳಿ

ಮೊಜಾಂಬಿಕ್‌ನ ಗ್ಯಾಸ್ ಯೋಜನೆಗೆ ಕೆಲಸಕ್ಕೆ ಬರುವ ನಮ್ಮವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಸೇಫಾ?" ಇದಕ್ಕೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಯಾವ ಜಿಲ್ಲೆ, ಯಾವ ರಸ್ತೆ, ಅಲ್ಲಿ ಕಾವಲಿಗೆ ಯಾರಿದ್ದಾರೆ, ಇಷ್ಟು ಗೊತ್ತಾದ ಮೇಲೆಯೇ ಉತ್ತರ ಹೇಳಬಹುದು.

ದೇಶದ ಉತ್ತರ ತುದಿಯಲ್ಲಿ, ತಾಂಜಾನಿಯಾಕ್ಕೆ ಅಂಟಿಕೊಂಡಿರುವ ಪ್ರಾಂತ್ಯ ಕಾಬೊ ದೆಲ್ಗಾದೊ. 2017ರ ಅಕ್ಟೋಬರ್ 5ರಂದು ಇಲ್ಲಿನ ಮೊಸಿಂಬೊವಾ ದ ಪ್ರಾಯ ಎಂಬ ಬಂದರು ಊರಿನ ಪೊಲೀಸ್ ಠಾಣೆಗಳ ಮೇಲೆ ದಾಳಿಯಾಯಿತು. ಗಲಾಟೆ ಶುರುವಾಗಿದ್ದೇ ಅಲ್ಲಿಂದ. ಉಗ್ರರನ್ನು ಜನ ಅಲ್ ಶಬಾಬ್ ಎನ್ನುತ್ತಾರೆ. ಸೊಮಾಲಿಯಾದ ಅಲ್ ಶಬಾಬ್ ಬೇರೆ, ಇವರು ಬೇರೆ. ಇವರು ಸೇರಿಕೊಂಡಿರುವುದು ಇಸ್ಲಾಮಿಕ್ ಸ್ಟೇಟ್ ಜೊತೆ. ಒಂದು ಮಾತು ನೆನಪಿರಲಿ: ಈ ಕರಾವಳಿಯಲ್ಲಿ ಮುಸ್ಲಿಮರೇ ಜಾಸ್ತಿ, ಉಗ್ರರಿಂದ ಮನೆ ಮಠ ಕಳೆದುಕೊಂಡವರಲ್ಲೂ ಅವರು ತುಂಬಾ ಇದ್ದಾರೆ. ನಿಮ್ಮ ಸೈಟಿನ ಡ್ರೈವರನ್ನು, ಅಡುಗೆಯವರನ್ನು ಅನುಮಾನದಿಂದ ನೋಡಬೇಡಿ.

ನಮಗೂ ಈ ಜಾಗಕ್ಕೂ ಏನು ಸಂಬಂಧ? ಇದೇ ಪ್ರಾಂತ್ಯದ ಪಾಲ್ಮಾ ಊರಿನ ಪಕ್ಕದ ಅಫುಂಗಿಯಲ್ಲಿ ಫ್ರಾನ್ಸಿನ ಟೋಟಲ್ ಎನರ್ಜೀಸ್ ಕಂಪನಿ ನಡೆಸುವ ಸುಮಾರು 2,000 ಕೋಟಿ ಡಾಲರ್ ಗ್ಯಾಸ್ ಯೋಜನೆಯಲ್ಲಿ ಓಎನ್‌ಜಿಸಿ ವಿದೇಶ್, ಆಯಿಲ್ ಇಂಡಿಯಾ, ಭಾರತ್ ಪೆಟ್ರೋಲಿಯಂನ ಅಂಗಸಂಸ್ಥೆ, ಮೂರೂ ಸೇರಿ 30% ಪಾಲು ಇಟ್ಟುಕೊಂಡಿವೆ. 2021ರಲ್ಲಿ ಪಾಲ್ಮಾ ಮೇಲಿನ ದಾಳಿಯಿಂದ ನಿಂತ ಕೆಲಸದ ಮೇಲಿನ ತಡೆಯನ್ನು 2025ರ ನವೆಂಬರ್‌ನಲ್ಲಿ ಕಂಪನಿ ತೆಗೆಯಿತು. ಹಾಗಾಗಿ ಆಫರ್ ಲೆಟರ್‌ಗಳು ಮತ್ತೆ ಬರುತ್ತವೆ.

ಈಗ ಸೇನೆಗಳ ವಿಚಾರ. ಮೊಜಾಂಬಿಕ್ ತನ್ನ ಸೇನೆಯಿಂದ ಆಗದಿದ್ದಾಗ ಮೊದಲು ರಷ್ಯಾದ ವಾಗ್ನರ್ ಎಂಬ ಬಾಡಿಗೆ ಪಡೆ, ಆಮೇಲೆ ದಕ್ಷಿಣ ಆಫ್ರಿಕಾದ ಖಾಸಗಿ ಪಡೆಯೊಂದನ್ನು ಕರೆಸಿತು. ಎರಡೂ ಉಪಯೋಗಕ್ಕೆ ಬರಲಿಲ್ಲ. 2020ರ ಆಗಸ್ಟ್‌ನಲ್ಲಿ ಉಗ್ರರು ಮೊಸಿಂಬೊವಾ ಹಿಡಿದವರು, ಒಂದು ವರ್ಷ ಬಿಡಲೇ ಇಲ್ಲ. 2021ರ ಜುಲೈನಲ್ಲಿ ರವಾಂಡಾ 1,000 ಜನ ಸೈನಿಕರನ್ನೂ ಪೊಲೀಸರನ್ನೂ ಕಳಿಸಿತು. ಒಂದೇ ತಿಂಗಳಲ್ಲಿ, ಆಗಸ್ಟ್ 8ಕ್ಕೆ, ಊರು ವಾಪಸ್ ಬಂತು. ಇದು ವಿಶ್ವಸಂಸ್ಥೆಯ ಪಡೆ ಅಲ್ಲ. ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದ. ಖರ್ಚಿಗೆ ಯುರೋಪಿಯನ್ ಒಕ್ಕೂಟ 2022ರಲ್ಲಿ 2 ಕೋಟಿ ಯೂರೋ, 2024ರಲ್ಲಿ ಮತ್ತೆ ಅಷ್ಟೇ ಕೊಟ್ಟಿತು.

ಅದೇ 2021ರ ಜುಲೈನಲ್ಲಿ ಆಫ್ರಿಕಾ ಖಂಡದ ದಕ್ಷಿಣ ಭಾಗದ ದೇಶಗಳ ಒಕ್ಕೂಟವೂ ಸಾಮಿಮ್ ಎಂಬ ಪಡೆ ಕಳಿಸಿತು. ಪಾಲ್ಮಾ, ಮೊಸಿಂಬೊವಾ ಜಿಲ್ಲೆಗಳ ಕಾವಲು ರವಾಂಡಾದವರಿಗೆ. ಮಕೊಮಿಯಾ, ನಂಗಾಡೆ, ಮುಯೆದಾ ಸುತ್ತ ಸಾಮಿಮ್. ದುಡ್ಡು ಸಾಲದೆ ಸಾಮಿಮ್ 2024ರ ಜುಲೈಗೆ ಪೂರ್ತಿ ಹೊರಟುಹೋಯಿತು. ಅದು ಗಂಟುಮೂಟೆ ಕಟ್ಟುತ್ತಿದ್ದಾಗಲೇ, ಮೇ 10ರಂದು, ಉಗ್ರರು ಮಕೊಮಿಯಾ ಊರೊಳಗೇ ನುಗ್ಗಿದರು. ನಕ್ಷೆಯಲ್ಲಿ ಒಂದೇ ಪ್ರಾಂತ್ಯ, ಆದರೆ ಒಂದು ಸೇನೆ ಹೊರಟರೆ ಆ ಜಿಲ್ಲೆಯ ಕಥೆಯೇ ಬೇರೆ. ಅದಕ್ಕೇ ಹೊರಡುವ ವಾರವೂ ಮತ್ತೊಮ್ಮೆ ವಿಚಾರಿಸಿ ಎನ್ನುತ್ತೇನೆ.

ಚೆಕ್‌ಪೋಸ್ಟ್‌ನಲ್ಲಿ ಹೀಗಿರುತ್ತದೆ: ಡ್ರೈವರ್ ದೂರದಿಂದಲೇ ವೇಗ ಇಳಿಸಿ ಗಾಜು ಪೂರ್ತಿ ಕೆಳಗೆ ಮಾಡುತ್ತಾನೆ. ಎರಡೂ ಕೈ ಕಾಣುವ ಹಾಗೆ ಇಟ್ಟುಕೊಳ್ಳಿ. ಬೆಳಿಗ್ಗೆಯಾದರೆ "ಬೊಂ ದಿಯಾ", ಮಧ್ಯಾಹ್ನವಾದರೆ "ಬೊವಾ ತಾರ್ದೆ" ಎಂದು ನೀವೇ ಮೊದಲು ಹೇಳಿ. ಆಮೇಲೆ "ದೊಕುಮೆಂತೊಸ್" ಎನ್ನುತ್ತಾರೆ. ಪಾಸ್‌ಪೋರ್ಟ್ ಅಥವಾ ದೀರೆ, ಅಂದರೆ ವಿದೇಶಿಯರ ವಾಸದ ಕಾರ್ಡ್, ಕೊಡಿ. ನೋಟರಿ ಮಾಡಿಸಿದ ಪ್ರತಿಗಳೂ ಜೊತೆಗಿರಲಿ. ರವಾಂಡಾದ ಸೈನಿಕರಲ್ಲಿ ಹಲವರಿಗೆ ಸ್ವಾಹಿಲಿ ಬರುತ್ತದೆ, ಕರಾವಳಿಯ ಜನಕ್ಕೂ ಬರುತ್ತದೆ. ಅವರು ಊರವರ ಜೊತೆ ಬೇಗ ಹೊಂದಿಕೊಳ್ಳಲು ಅದೂ ಒಂದು ಕಾರಣ. ಸೇನೆ ಯಾರದೇ ಇರಲಿ, ನಡೆಯುವುದು ಮೊಜಾಂಬಿಕ್‌ನ ಕಾನೂನು. ಸೈನಿಕರ, ಠಾಣೆಯ, ಚೆಕ್‌ಪೋಸ್ಟಿನ ಫೋಟೋ ತೆಗೆಯಲೇಬೇಡಿ. ಸುಮ್ನೆ ಒಂದು ಸೆಲ್ಫಿಗೆ ಠಾಣೆಯಲ್ಲಿ ಕೂರಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. 2021ರ ಮಾರ್ಚ್ 24ರಂದು ಪಾಲ್ಮಾದ ಮೇಲೆ ದಾಳಿಯಾದಾಗ ಅಫುಂಗಿಯ ಬೇಲಿಯೊಳಗೆ ಸೈನಿಕರಿದ್ದರು. ಬೇಲಿಯ ಹೊರಗೆ, ಊರಿನ ಅಮರೂಲಾ ಹೋಟೆಲಿನಲ್ಲಿ ಸುಮಾರು 200 ಜನ ಸಿಕ್ಕಿಬಿದ್ದರು. ಅವರಲ್ಲಿ ಬಹಳ ಜನ ಸಣ್ಣ ಗುತ್ತಿಗೆದಾರರ ಕಡೆಯವರು. ಎರಡು ದಿನ ಕಾದು, ಕಾವಲಿಲ್ಲದೆ 17 ವಾಹನಗಳಲ್ಲಿ ಹೊರಟರು. ದಾರಿಯಲ್ಲೇ ಉಗ್ರರು ಹೊಂಚು ಹಾಕಿದ್ದರು. ಪಾರಾಗಿದ್ದು 7 ವಾಹನ. ಇದನ್ನು ಬರೆಯುವಾಗ ಇವತ್ತಿಗೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಆದ್ದರಿಂದ ಸಹಿ ಹಾಕುವ ಮೊದಲು ಕೇಳಿ: ನಾನು ರಾತ್ರಿ ಮಲಗುವುದು ಬೇಲಿಯ ಒಳಗೋ ಹೊರಗೋ? ದಾಳಿಯಾದರೆ ಕರೆದುಕೊಂಡು ಹೋಗುವವರು ಯಾರು, ಹಡಗೋ ವಿಮಾನವೋ? ನನ್ನ ಇನ್ಶೂರೆನ್ಸ್ ಯುದ್ಧದ ಜಾಗಕ್ಕೂ ಅನ್ವಯವಾಗುತ್ತದಾ? ಉತ್ತರ ಕಾಗದದ ಮೇಲೆ ಬೇಕು. ನೀವು ಸಬ್‌ ಕಾಂಟ್ರಾಕ್ಟರ್ ಕಡೆಯವರಾದರೆ ಇನ್ನೂ ಗಟ್ಟಿಯಾಗಿ ಕೇಳಿ, ಸಂಕೋಚ ಬೇಡ. ಏಜೆಂಟ್ "ಅದೆಲ್ಲಾ ಆಮೇಲೆ ನೋಡೋಣ" ಎಂದರೆ ಆ ಕೆಲಸ ಬಿಟ್ಟುಬಿಡಿ.

ಮಪುಟೊದಲ್ಲಿರುವ ನಮ್ಮ ಹೈಕಮಿಷನ್‌ನಲ್ಲಿ ಹೆಸರು ನೋಂದಾಯಿಸಿ. ಪ್ರಾಂತ್ಯದ ರಾಜಧಾನಿ ಪೆಂಬಾದಿಂದ ಉತ್ತರಕ್ಕೆ ರಸ್ತೆಯಲ್ಲಿ ಹೋಗಲೇಬೇಕಾದರೆ ಸೇನೆಯ ಬೆಂಗಾವಲು ಇರುವ ದಿನ ಹೋಗಿ, ಕತ್ತಲಾದ ಮೇಲೆ ಬೇಡವೇ ಬೇಡ. ಪಾಲ್ಮಾದಲ್ಲಿ ದಾಳಿಯ ದಿನವೇ ಮೊಬೈಲ್ ನೆಟ್‌ವರ್ಕ್ ಹೋಗಿತ್ತು. ಹಾಗಾಗಿ ಮನೆಯವರಿಗೆ ಮೊದಲೇ ಹೇಳಿಡಿ: ಫೋನ್ ಸಿಗದಿದ್ದರೆ ಕಂಪನಿಯಲ್ಲಿ ಯಾರನ್ನು ಕೇಳಬೇಕು, ಹೈಕಮಿಷನ್ ನಂಬರ್ ಯಾವುದು, ಪಾಸ್‌ಪೋರ್ಟ್ ಪ್ರತಿ ಎಲ್ಲಿದೆ. ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಅಮ್ಮನಿಗೆ ಕಾಣುವ ಕಡೆ ಅಂಟಿಸಿ ಬನ್ನಿ.