ತೀರ್ಥಹಳ್ಳಿ ಬಸ್ಸಿನಲ್ಲಿ ಬಂದ ಅಪ್‌ಡೇಟ್

"ಪೆನ್‌ಡ್ರೈವ್‌ನಲ್ಲಿ ಫೈರ್‌ವಾಲ್ ಅಪ್‌ಡೇಟಾ? ನಲವತ್ತು ಸಾವಿರ ಬಿಸಾಕಿ ಹೊಸ ಬಾಕ್ಸ್ ತಗೊಳ್ಳಿ ಮಾರಾಯ್ರೇ" ಎಂದು ಶಿವಮೊಗ್ಗದ ಗೆಳೆಯರು ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸೊಸೈಟಿ. ಹತ್ತು ಹನ್ನೆರಡು ಕಂಪ್ಯೂಟರ್. ಅವುಗಳಿಗೂ ಇಂಟರ್ನೆಟ್ಟಿಗೂ ನಡುವೆ, ಬೇಡದ ಸಂಪರ್ಕ ತಡೆಯುವ ಫೈರ್‌ವಾಲ್ ಆಗಿ ಡೆಬಿಯನ್ 10 (ಲಿನಕ್ಸ್‌ನ ಒಂದು ಬಗೆ) ಹಾಕಿದ ಹಳೇ ಪಿಸಿ, ಎರಡು ಲ್ಯಾನ್ ಕಾರ್ಡು. ಸೆಕೆಂಡ್ ಹ್ಯಾಂಡ್, ಆರೂವರೆ ಸಾವಿರ ಕೊಟ್ಟ ನೆನಪು. ಲೈನು ಅಂದರೆ ಡಾಂಗಲ್. ಮಳೆ ಹಿಡಿದರೆ ಟವರಿಗೇ ಕರೆಂಟ್ ಇರಲ್ಲ. ಡೆಬಿಯನ್‌ನಲ್ಲಿ ಅಪ್‌ಡೇಟ್ ತರುವ ಆಪ್ಟ್‌ನ ಪಟ್ಟಿ ಎಂಟು ಹತ್ತು ಎಂಬಿ, ರಾತ್ರಿ ಹೇಗೋ ಇಳಿಯುತ್ತದೆ. ಪ್ಯಾಕೇಜುಗಳು ಇನ್ನೂರು ಮುನ್ನೂರು ಎಂಬಿ, ಅವು ಮಾತ್ರ ಅರ್ಧಕ್ಕೇ ನಿಲ್ಲುತ್ತವೆ.

2022ರ ಮಳೆಗಾಲದಲ್ಲಿ ಮೊದಲ ಪೆಟ್ಟು ತಿಂದೆ. ನನ್ನ ಲ್ಯಾಪ್‌ಟಾಪ್ ಡೆಬಿಯನ್ 11. ಅದರಲ್ಲಿದ್ದ ಡೆಬ್ ಫೈಲುಗಳನ್ನೇ (ಡೆಬಿಯನ್ ಪ್ಯಾಕೇಜುಗಳು) ಒಯ್ದು, ಅವನ್ನು ಇನ್‌ಸ್ಟಾಲ್ ಮಾಡುವ ಡಿಪಿಕೆಜಿಗೆ ಕೊಟ್ಟೆ. ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮುಗಳಿಗೂ ಆಧಾರವಾದ ಲಿಬ್‌ಸಿ6 ಬೇಕು ಅಂದಿತು, ಕೊಟ್ಟೆ. ಪಾಸ್‌ವರ್ಡ್ ಪರಿಶೀಲನೆಗೆ ಬೇಕಾಗುವ ಲಿಬ್‌ಕ್ರಿಪ್ಟ್1 ಬೇಕು ಅಂದಿತು, ಅದು ತಂದಿರಲಿಲ್ಲ. ಅದಿಲ್ಲದೆಯೇ ಹಾಕು ಅಂತ ಫೋರ್ಸ್ ಕೊಟ್ಟೆ. ಅಷ್ಟೇ, ಲಾಗಿನ್ನೂ ಇಲ್ಲ, ಅಡ್ಮಿನ್ ಅಧಿಕಾರ ಕೊಡುವ ಸುಡೂನೂ ಇಲ್ಲ. ಯಾವುದಕ್ಕೆ ಕೈ ಹಾಕಿದರೂ ಲಿಬ್‌ಕ್ರಿಪ್ಟ್ ಸಿಗುತ್ತಿಲ್ಲ ಅನ್ನುವ ಒಂದೇ ಸಾಲು. ಹೊರಗೆ ಅಡಿಕೆ ಬಿಲ್ಲಿಗೆ ಜನ ಕೂತಿದ್ದರು. "ಎಂತ ಸಾರ್, ಸ್ಟಾರ್ಟ್ ಆಗಲ್ವಾ?" ಎಂದು ಅಟೆಂಡರ್ ಹುಡುಗ ಮೂರು ಸಲ ಬಂದು ಕೇಳಿದ. ಕೊನೆಗೆ ಲೈವ್ ಪೆನ್‌ಡ್ರೈವ್‌ನಲ್ಲಿ ಬೂಟ್ ಮಾಡಿ, ಆ ಒಂದು ಫೈಲನ್ನು ಜಾಗಕ್ಕೆ ಸೇರಿಸಿ ಎಬ್ಬಿಸಿದೆ. ಆ ದಿನದ ಫೀಸು ಕೇಳಲು ಬಾಯಿ ಬರಲಿಲ್ಲ.

ಆಮೇಲೆ ದಾರಿ ಬದಲಿಸಿದೆ. ಆಪ್ಟ್-ಗೆಟ್ ಅಪ್‌ಗ್ರೇಡ್‌ಗೆ ಪ್ರಿಂಟ್-ಯೂಆರ್‌ಐಸ್ ಸೇರಿಸಿದರೆ ಏನೂ ಇಳಿಸದೆ ವಿಳಾಸಗಳ ಪಟ್ಟಿ ಮಾತ್ರ ಕೊಡುತ್ತದೆ. ಅದನ್ನು ಶಿವಮೊಗ್ಗಕ್ಕೆ ತಂದು ಮನೆಯ ಫೈಬರ್‌ನಲ್ಲಿ ವಿಗೆಟ್ (ಫೈಲ್ ಇಳಿಸುವ ಪ್ರೋಗ್ರಾಂ) ಹಾಕಿ ಇಳಿಸುವುದು, ಮರುದಿನ ಬಸ್ಸು, ಅಲ್ಲಿ ಆಪ್ಟ್‌ನ ಆರ್ಕೈವ್ಸ್ ಫೋಲ್ಡರಿಗೆ ಸುರಿದು ನೋ-ಡೌನ್‌ಲೋಡ್ ಕೊಟ್ಟು ಅಪ್‌ಗ್ರೇಡ್.

ಮೊದಲ ಸಲ ಅರ್ಧ ಪ್ಯಾಕೇಜ್ ಮಾತ್ರ ಕಾಣಿಸಿತು. ಓಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗಲು), ವಿಮ್ (ಟೆಕ್ಸ್ಟ್ ಎಡಿಟರ್) ಕಣ್ಣೆದುರೇ ಇವೆ, ಆಪ್ಟ್ ಮಾತ್ರ ಇಲ್ಲ ಅನ್ನುತ್ತದೆ. ಒಂದು ಇಡೀ ಸಂಜೆ ತಲೆ ಕೆರೆದುಕೊಂಡೆ. ಸಮಸ್ಯೆ ಹೆಸರಿನದ್ದು. ಡೌನ್‌ಲೋಡ್ ಸರ್ವರಿನಲ್ಲಿ ಫೈಲು "ಓಪನ್‌ಎಸ್‌ಎಸ್‌ಎಚ್-ಸರ್ವರ್_7.9" ಎಂದು ಶುರುವಾಗುತ್ತದೆ. ಆಪ್ಟ್ ಹುಡುಕುವುದು "_1%3ಎ7.9" ಅಂತ. ಎಪಾಕ್, ಅಂದರೆ ಆವೃತ್ತಿ ಸಂಖ್ಯೆಯ ಮುಂದೆ "1:" ಥರದ ಅಂಕಿ ಇರುವ ಪ್ಯಾಕೇಜುಗಳಿಗೆಲ್ಲ ಇದೇ ಕಥೆ, ಆ ಕೋಲನ್ನೇ ಹೆಸರಿನಲ್ಲಿ %3ಎ ಆಗುತ್ತದೆ. ಪಟ್ಟಿಯ ಎರಡನೇ ಕಾಲಮ್ಮಿನಲ್ಲೇ ಸರಿಯಾದ ಹೆಸರು ಇರುತ್ತದೆ, ನಾನು ನೋಡಿರಲೇ ಇಲ್ಲ! ಈಗ ಹದಿನೈದು ಸಾಲಿನ ಸ್ಕ್ರಿಪ್ಟ್ ಇಳಿಸುವಾಗಲೇ ಹೆಸರು ಬದಲಿಸುತ್ತದೆ. ಸ್ಕ್ರಿಪ್ಟ್ ಕೇಳಬೇಡಿ, ನೀವೇ ಬರೆದುಕೊಳ್ಳಿ.

ನಡುವೆ ಡೆಬ್‌ಡೆಲ್ಟಾ ಕೂಡ ನೋಡಿದೆ, ಬದಲಾದ ತುಂಡು ಮಾತ್ರ ಇಳಿಸುವಂಥದ್ದು. ಇಳಿಸಿದ್ದು ಕಡಿಮೆಯೇ. ಆದರೆ ಆ ಮುದಿ ಪಿಸಿ ತುಂಡು ಜೋಡಿಸುವಷ್ಟರಲ್ಲಿ ನಾನು ಊಟ ಮುಗಿಸಿ ಬಂದಿದ್ದೆ.

ಕಾನ್ಫಿಗ್ ಫೈಲ್ ಬದಲಿಸಲಾ ಅಂತ ಡಿಪಿಕೆಜಿ ಕೇಳಿದಾಗ ಎನ್ ಒತ್ತಿ. ಒಮ್ಮೆ ಹೊಸ ಫೈಲಿಗೆ ಒಪ್ಪಿಕೊಂಡು ಎಸ್‌ಎಸ್‌ಎಚ್ ಪೋರ್ಟ್ 22ಕ್ಕೆ ಮರಳಿತು. ಫೈರ್‌ವಾಲ್ ರೂಲಿನಲ್ಲಿ 22 ಮುಚ್ಚಿತ್ತು, ದೂರದಿಂದ ಒಳಹೋಗುವ ದಾರಿಯೇ ಇಲ್ಲ. ಮನೆಗೆ ಬಂದ ಮೇಲೆ ಗೊತ್ತಾಗಿ ಮತ್ತೆ ಅರವತ್ತು ಕಿಲೋಮೀಟರ್ ಹೋದೆ. ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಏಳದಿದ್ದರೆ ಹಳೆಯದಕ್ಕೆ ಮರಳುವ ಏರ್ಪಾಡೂ ಬೂಟ್ ಮಾಡಿಸುವ ಗ್ರಬ್‌ನಲ್ಲಿ ಮಾಡಿದ್ದೇನೆ. ಅದನ್ನು ನೀವು ಸಿಕ್ಕಾಗ, ಕಾಫಿ ಕೊಡಿಸಿದರೆ ಹೇಳುತ್ತೇನೆ.

ಈಗ ತಿಂಗಳಿಗೊಮ್ಮೆ ಬಸ್ಸು, ಊಟ ಸೇರಿ ಮುನ್ನೂರರ ಒಳಗೆ. ಆಮೇಲೆ ಡೆಬಿಯನ್ 10ರಿಂದ 11ಕ್ಕೂ (ಅದರ ಹೆಸರು ಬುಲ್ಸ್‌ಐ) ಇದೇ ದಾರಿಯಲ್ಲಿ ಏರಿಸಿದೆ. ಆಪ್ಟ್‌ನ ವಿಳಾಸ ಫೈಲಿನಲ್ಲಿ ಸೆಕ್ಯುರಿಟಿ ಸಾಲಿನ ಹೆಸರು ಬುಲ್ಸ್‌ಐ-ಸೆಕ್ಯುರಿಟಿ ಆಗಿದ್ದು ಗಮನಿಸದೆ ಒಂದು ಟ್ರಿಪ್ ದಂಡವಾಯಿತು. ಎರಡನೇ ಸಲ ಹೊರಡುವ ಮೊದಲು ಪೆನ್‌ಡ್ರೈವ್‌ನಲ್ಲಿ ಲಿಬ್‌ಕ್ರಿಪ್ಟ್1 ಇದೆಯಾ ಅಂತ ಮೂರು ಸಲ ನೋಡಿಕೊಂಡೆ.