ದೀರ್ಘ ಓಟವನ್ನು ಎರಡು ತುಂಡು ಮಾಡಿ
ಭಾನುವಾರ ಒಂದೇ ಸಲ 24 ಕಿ.ಮೀ. ಓಡಲು ಪುರುಸೊತ್ತಿಲ್ಲದವರು ಶನಿವಾರ ಕಚೇರಿ ಮುಗಿಸಿ 10, ಮರುದಿನ ಮನೆಯವರು ಏಳುವ ಮೊದಲು 14 ಓಡಿ. ಒಂದು ರಾತ್ರಿಯಲ್ಲಿ ಕಾಲು ಪೂರ್ತಿ ಚೇತರಿಸಿಕೊಳ್ಳುವುದಿಲ್ಲ; ಬೆಳಗಿನ ಓಟ ದೀರ್ಘ ಓಟದ ಉತ್ತರಾರ್ಧದಂತೆಯೇ ಕಾಡುತ್ತದೆ, ನಮಗೆ ಬೇಕಾದದ್ದೂ ಅದೇ. ಕಾರವಾರದವರಿಗೆ ಇನ್ನೊಂದು ಲಾಭವಿದೆ: ಕಡಲಿನ ಎರಡು ಇಳಿತಗಳ (ನೀರು ಹಿಂದೆ ಸರಿಯುವ ಹೊತ್ತು) ನಡುವಿನ ಅಂತರ ಸುಮಾರು 12 ತಾಸು 25 ನಿಮಿಷ. ಶನಿವಾರ ಸಂಜೆ ಆರಕ್ಕೆ ಇಳಿತವಿದ್ದರೆ ಭಾನುವಾರ ಬೆಳಿಗ್ಗೆ ಆರೂವರೆಗೂ ಟಾಗೋರ್ ಕಡಲತೀರದಲ್ಲಿ ಹಿಮ್ಮಡಿ ಹೂತುಹೋಗದ ಗಟ್ಟಿ ಹಸಿ ಮರಳು ಸಿಗುತ್ತದೆ. ದಂಡೆ ಕಡಲಿನತ್ತ ವಾಲಿರುತ್ತದೆ, ಹೋದಷ್ಟೇ ದೂರ ಮರಳಿ ಓಡಿ; ಇಲ್ಲವಾದರೆ ಒಂದೇ ಮೊಣಕಾಲು ನೋಯುತ್ತದೆ. ಮಳೆಗಾಲದಲ್ಲಿ ಕಡಲ ಆಸೆ ಬಿಡಿ. ಮೊದಲ ಮ್ಯಾರಥಾನ್‌ಗೆ ಸಿದ್ಧವಾಗುವವರಿಗೆ ಇದೊಂದೇ ಸಾಲದು. ಓಡುತ್ತಲೇ ತಿಂದ ಬಾಳೆಹಣ್ಣು ಹೊಟ್ಟೆಗೆ ಒಗ್ಗುತ್ತದೆಯೇ ಎಂದು ತಿಳಿಯಲು ಆಗೊಮ್ಮೆ ಈಗೊಮ್ಮೆ ಇಡೀ ದೂರವನ್ನು ಒಂದೇ ಸಲ ಓಡಲೇಬೇಕು.